ಡಿಪ್ರೆಶನ್ನು ಬಿಳಿಯರ ಕಾಯಿಲೆಯಂತೆ!

ಬರ್ಮಿಂಗ್‌ಹ್ಯಾಮೋ ಮ್ಯಾಂಚೆಸ್ಟರೋ ಲೀಡ್ಸೋ, ಎಲ್ಲೇ ಆಗಲಿ, ನಾಲ್ಕು ಕನ್ನಡ ಕುಟುಂಬಗಳು ಸೇರಿ ಯುಗಾದಿ ಊಟ ಮುಗಿಸಿದವು ಅನ್ನಿ, ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ ಒಬ್ಬರಾದರೂ ಈ ಮಾತು ತೆಗೆಯುತ್ತಾರೆ: ‘ಈ ಡಿಪ್ರೆಶನ್ನು ಗಿಪ್ರೆಶನ್ನು ಎಲ್ಲಾ ಇವರ ಕಾಯಿಲೆ ಕಣ್ರೀ. ಬಿಸಿಲಿಲ್ಲ, ಮನೇಲಿ ಜನ ಇಲ್ಲ, ದೇವರು ದಿಂಡರು ಇಲ್ಲ. ನಮ್ಮವರಿಗೆ ಅದೆಲ್ಲ ಎಲ್ಲಿ ಬರತ್ತೆ?’ ಸುತ್ತ ಕೂತವರು ಹೌದು ಹೌದೆಂದು ತಲೆಯಾಡಿಸುತ್ತಾರೆ. ಹಾಗೆ ತಲೆಯಾಡಿಸುವವರಲ್ಲಿ ಒಬ್ಬಿಬ್ಬರು ಡಾಕ್ಟರುಗಳೂ ಇರುತ್ತಾರಲ್ಲ, ನನಗೆ ಮೈ ಉರಿಯುವುದು ಅಲ್ಲಿ. ಮುಂದಿನ ವಾರ ಅದೇ ಮನೆಯಿಂದ ಫೋನು: ‘ನಮ್ಮತ್ತೆಗೆ ಗ್ಯಾಸ್ಟ್ರಿಕ್ ಜಾಸ್ತಿ ಆಗಿದೆ, ಯಾರಿಗೆ ತೋರಿಸೋದು?’

ಉತ್ತರ ಇಂಗ್ಲೆಂಡಿನಲ್ಲಿ ಜಿಪಿ, ಅಂದರೆ ಸಾಮಾನ್ಯ ವೈದ್ಯೆಯಾಗಿರುವ ನನಗೆ ಈ ಗ್ಯಾಸ್ಟ್ರಿಕ್ ಅತ್ತೆ ಚೆನ್ನಾಗಿ ಗೊತ್ತು. (ಹಲವರನ್ನು ಸೇರಿಸಿ ಒಬ್ಬರನ್ನಾಗಿ ಮಾಡಿ ಹೇಳುತ್ತಿದ್ದೇನೆ. ಯಾರೂ ತಮ್ಮತ್ತೆಯೇ ಎಂದುಕೊಳ್ಳುವುದು ಬೇಡ.) ಯಜಮಾನರು ತೀರಿಕೊಂಡ ಮೇಲೆ ಹಾಸನದ ಮನೆಗೆ ಬೀಗ ಹಾಕಿ, ಆರು ತಿಂಗಳ ವೀಸಾದಲ್ಲಿ ಮಗನ ಮನೆಗೆ ಬಂದವರು. ಸ್ವೆಟರಿನ ಮೇಲೆ ಶಾಲು, ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಕವರಿನೊಳಗೆ ಬೆಂಗಳೂರಿನಲ್ಲಿ ಮಾಡಿಸಿದ ಎಂಡೋಸ್ಕೋಪಿ ವರದಿ, ಹೊಟ್ಟೆಯ ಸ್ಕ್ಯಾನು, ಇಸಿಜಿ, ರಕ್ತಪರೀಕ್ಷೆಯ ಹಾಳೆಗಳು, ಅರ್ಧ ಖಾಲಿಯಾದ ಪ್ಯಾನ್-ಡಿ ಶೀಟು. ಎಲ್ಲ ನಾರ್ಮಲ್. ಮಾತೆಲ್ಲ ಮಗನದೇ: ‘ಅಮ್ಮಂಗೆ ಎದೆ ಉರಿ, ಹೊಟ್ಟೆ ಉಬ್ಬರ, ಊಟ ಸೇರಲ್ಲ, ಮೈಕೈ ನೋವು.’

ನಾನು ಕನ್ನಡದಲ್ಲಿ ‘ನಿದ್ದೆ ಹೇಗಮ್ಮಾ?’ ಎಂದು ಕೇಳಿದರೆ ಆಗ ಅವರು ಮುಖ ಎತ್ತಿ ನೋಡುತ್ತಾರೆ. ‘ಮಲಗಿದ ತಕ್ಷಣ ಬರತ್ತೆ ಡಾಕ್ಟರಮ್ಮ. ಮೂರು ಗಂಟೆಗೆ ಎಚ್ಚರ ಆಗ್ಬಿಡತ್ತೆ. ಆಮೇಲೆ ಬೆಳಗಾಗೋದನ್ನೇ ಕಾಯೋದು. ಇಲ್ಲಿ ಬೆಳಗೂ ಬೇಗ ಆಗಲ್ಲ.’ ಊಟ? ‘ಉಪ್ಪು ಖಾರ ಏನೂ ಗೊತ್ತಾಗಲ್ಲ.’ ಟೀವಿ? ‘ಹಾಕಿಟ್ಟು ಹೋಗಿರ್ತಾರೆ. ನೋಡೋಕೆ ಮನಸ್ಸಾಗಲ್ಲ.’ ಬೇಜಾರಾಗುತ್ತಾ ಎಂದರೆ ಮಗನ ಕಡೆಗೊಮ್ಮೆ ಕಣ್ಣು ಹಾಯಿಸಿ, ‘ಬೇಜಾರೇನಿಲ್ಲಪ್ಪ, ಚೆನ್ನಾಗಿ ನೋಡ್ಕೋತಾರೆ’ ಎನ್ನುತ್ತಾರೆ. ಅಷ್ಟರಲ್ಲಿ ಮಗ: ‘ಡಾಕ್ಟ್ರೇ, ಇನ್ನೊಂದು ಎಂಡೋಸ್ಕೋಪಿ ಮಾಡಿಸಿದ್ರೆ ಹೇಗೆ?’

ಆ ತಾಯಿಗೆ ಇರುವುದು ಖಿನ್ನತೆ. ಇಂಗ್ಲೆಂಡಿನ ಮಳೆಯಲ್ಲಿ ನೆನೆದು ಬಂದದ್ದಲ್ಲ, ಹಾಸನದಿಂದಲೇ ಜೊತೆಗೆ ಬಂದದ್ದು.

‘ನಮ್ಮವರಿಗೆ ಬರಲ್ಲ’ ಎನ್ನುವವರಿಗೆ ಉತ್ತರ ಸಿಕ್ಕಿ ಕಾಲವೇ ಆಯಿತು. 1990ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳ 15 ಕೇಂದ್ರಗಳಲ್ಲಿ, ಸಾಮಾನ್ಯ ವೈದ್ಯರ ಬಳಿಗೆ ಬಂದ ಸುಮಾರು 26 ಸಾವಿರ ಜನರನ್ನು ಜರಡಿ ಹಿಡಿಯಿತು. ಅದರಲ್ಲಿ ಒಂದು ಕೇಂದ್ರ ಮ್ಯಾಂಚೆಸ್ಟರ್, ಇನ್ನೊಂದು ನಮ್ಮ ಬೆಂಗಳೂರು. ಜರಡಿಯಾಗಿ ಬಳಸಿದ 12 ಪ್ರಶ್ನೆಗಳ ಹಾಳೆ ಡೇವಿಡ್ ಗೋಲ್ಡ್‌ಬರ್ಗ್ ಎಂಬ ಮನೋವೈದ್ಯರದು. ಅವರು ಬಹುಕಾಲ ಪ್ರಾಧ್ಯಾಪಕರಾಗಿದ್ದದ್ದು ಮ್ಯಾಂಚೆಸ್ಟರಿನಲ್ಲೇ. ಖಿನ್ನತೆ ಇದೆ ಎಂದು ಖಚಿತವಾದ 1,146 ಜನರ ಲೆಕ್ಕ 1999ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಡಾಕ್ಟರ ಮುಂದೆ ಕೂತು ಬರೀ ಮೈಯ ತೊಂದರೆಯನ್ನೇ ಹೇಳಿಕೊಂಡವರು ಶೇ. 69. ಊರಿಂದ ಊರಿಗೆ ಇದು ಶೇ. 45ರಿಂದ 95ರವರೆಗೆ ಏರಿಳಿಯಿತು. ಆದರೆ ಪೂರ್ವದವರು ಒಂದು ಕಡೆ, ಪಶ್ಚಿಮದವರು ಇನ್ನೊಂದು ಕಡೆ ಎಂದು ಸಾಲಾಗಿ ನಿಲ್ಲಲಿಲ್ಲ. ಬಾಯಿಬಿಟ್ಟು ಕೇಳಿದಾಗಲೂ ‘ಮನಸ್ಸಿಗೇನೂ ಆಗಿಲ್ಲ’ ಎಂದವರು ಒಟ್ಟಾರೆ ಶೇ. 11 ಮಾತ್ರ.

ವ್ಯತ್ಯಾಸ ಕಂಡದ್ದು ಬೇರೆಲ್ಲೋ. ಎಲ್ಲಿ ರೋಗಿಗೆ ತನ್ನದೇ ಎನ್ನುವ ಒಬ್ಬ ಕಾಯಂ ಡಾಕ್ಟರಿಲ್ಲವೋ ಅಲ್ಲಿ ಜನ ಹೆಚ್ಚಾಗಿ ಮೈ ನೋವನ್ನಷ್ಟೇ ಹೇಳಿ ಎದ್ದು ಹೋಗುತ್ತಾರೆ. ಸಂಸ್ಕೃತಿ, ಪರಂಪರೆ, ಪೂರ್ವ, ಪಶ್ಚಿಮ ಎಂದು ನಾವು ಕಟ್ಟಿದ ಅರಮನೆಯ ಕೆಳಗೆ ಇಷ್ಟು ಸಾದಾ ಸಂಗತಿ ಇದೆ. ಗುರುತಿಲ್ಲದ ಡಾಕ್ಟರು, ಹತ್ತು ನಿಮಿಷದ ಭೇಟಿ, ಪಕ್ಕದಲ್ಲಿ ಮಗ. ಅಲ್ಲಿ ಯಾರು ತಾನೆ ‘ನನಗೆ ಬದುಕೋಕೆ ಮನಸ್ಸಿಲ್ಲ’ ಅನ್ನುತ್ತಾರೆ? ಹೊಟ್ಟೆ ಉಬ್ಬರ ಅನ್ನುವುದೇ ಮರ್ಯಾದೆ.

ಇದೇ ಬುರುಡೆಯ ಇನ್ನೊಂದು ಮುಖ ಇಲ್ಲಿನ ಆಸ್ಪತ್ರೆಗಳಲ್ಲೂ ಓಡಾಡುತ್ತದೆ. ಏಷ್ಯಾದವರು ಮನಸ್ಸಿನ ಸಂಕಟವನ್ನು ಮೈಮೇಲೆ ಹಾಕಿ ಹೇಳುತ್ತಾರೆ, ಅವರಿಗೆ ಮನಸ್ಸಿನ ಮಾತು ಬಾರದು ಎಂದು ತಲೆಮಾರುಗಟ್ಟಲೆ ವೈದ್ಯ ವಿದ್ಯಾರ್ಥಿಗಳಿಗೆ ಕಲಿಸಲಾಯಿತು. ಹಾಗಾದರೆ ಬಿಳಿಯರು ಏನು ಮಾಡುತ್ತಾರೆ? ಖಿನ್ನತೆಯ ತೀವ್ರತೆ ಅಳೆಯಲು ಜಗತ್ತಿನಲ್ಲೆಲ್ಲ ಬಳಸಿದ ಹ್ಯಾಮಿಲ್ಟನ್ ಮಾಪನವನ್ನು 1960ರಲ್ಲಿ ಪ್ರಕಟಿಸಿದ್ದು ಲೀಡ್ಸ್ ವಿಶ್ವವಿದ್ಯಾಲಯದ ಮ್ಯಾಕ್ಸ್ ಹ್ಯಾಮಿಲ್ಟನ್. ಹಾಸನದವರನ್ನು ಕಂಡು ಬರೆದದ್ದಲ್ಲ ಅದು, ಇಂಗ್ಲೆಂಡಿನ ರೋಗಿಗಳನ್ನು ನೋಡಿ ಬರೆದದ್ದು. ಅದರ 17 ಅಂಶಗಳನ್ನು ಓದಿ ನೋಡಿ. ನಿದ್ದೆಗೇ ಮೂರು: ರಾತ್ರಿ ನಿದ್ದೆ ಹತ್ತದಿರುವುದು, ನಡುವೆ ಎಚ್ಚರವಾಗುವುದು, ನಸುಕಿನಲ್ಲೇ ಎದ್ದು ಮತ್ತೆ ಕಣ್ಣು ಮುಚ್ಚದಿರುವುದು. ಹಸಿವು ಮತ್ತು ಹೊಟ್ಟೆಗೆ ಒಂದು. ಸುಸ್ತು, ಬೆನ್ನುನೋವು, ತಲೆಭಾರಕ್ಕೆ ಒಂದು. ಕಾಮಾಸಕ್ತಿ ಕುಂದುವುದಕ್ಕೆ ಒಂದು. ತೂಕ ಇಳಿಯುವುದಕ್ಕೆ ಒಂದು. ಆತಂಕದಿಂದ ಎದೆ ಬಡಿತ, ಬೆವರು, ತೇಗು ಬರುವುದಕ್ಕೆ ಇನ್ನೊಂದು. ಹತ್ತಿರ ಹತ್ತಿರ ಅರ್ಧ ಪಟ್ಟಿ ಮೈಯದೇ! ತೇಗಿಗೂ ಅಂಕ ಕೊಡುವ ಈ ಹಾಳೆ ಹುಟ್ಟಿದ್ದು ಯಾರ್ಕ್‌ಷೈರಿನಲ್ಲಿ. ಖಿನ್ನತೆ ಎಲ್ಲೇ ಆದರೂ ಮೈಯಲ್ಲೂ ಇರುವ ಕಾಯಿಲೆಯೇ. ನಮ್ಮತ್ತೆಯಂದಿರು ಹೊಸದೇನನ್ನೂ ಕಂಡುಹಿಡಿದಿಲ್ಲ.

ಊರಿನ ಕಡೆಯದೂ ಹೇಳಿಬಿಡುತ್ತೇನೆ, ಏಕೆಂದರೆ ‘ನಮ್ಮೂರಲ್ಲಿ ಇದ್ದಾಗ ಇದೆಲ್ಲ ಇರಲಿಲ್ಲ’ ಎನ್ನುವವರು ಬಳ್ಳಾರಿಯನ್ನು ಮರೆತಿದ್ದಾರೆ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನಸ್ಸಿನ ಕಾಯಿಲೆಗಳನ್ನು ಗುರುತಿಸಿ ಔಷಧಿ ಕೊಡಲು ತರಬೇತಿ ನೀಡಿದರು. ಆ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದ ವಯಸ್ಕರು ಶೇ. 5ರಷ್ಟು. ಇಪ್ಪತ್ತರಲ್ಲಿ ಒಬ್ಬರು. ಯುಗಾದಿ ಪಂಕ್ತಿಯಲ್ಲಿ ಎಷ್ಟು ಎಲೆ ಹಾಕಿದ್ದಿರಿ, ಲೆಕ್ಕ ನೀವೇ ಮಾಡಿ.

ಇಷ್ಟು ಹೇಳಿದರೆ ವರಸೆ ಬದಲಾಗುತ್ತದೆ. ‘ಹಾಗಾದ್ರೆ ಅಮ್ಮಂಗೆ ಏನೂ ಇಲ್ಲ ಅನ್ನಿ. ಎಲ್ಲಾ ಮನಸ್ಸಿಂದು.’ ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ಹೊಟ್ಟೆ ನಿಜವಾಗಿಯೇ ನೋಯುತ್ತಿರುತ್ತದೆ. ಮ್ಯಾಂಚೆಸ್ಟರಿನ ಪೀಟರ್ ವೋರ್ವೆಲ್ ಹೊಟ್ಟೆಯ ಡಾಕ್ಟರು, ಮನೋವೈದ್ಯರಲ್ಲ. ಕರುಳಿನ ಕಿರಿಕಿರಿ, ಇಲ್ಲಿನವರು ಐಬಿಎಸ್ ಎನ್ನುವ ಕಾಯಿಲೆ, ಯಾವ ಮಾತ್ರೆಗೂ ಬಗ್ಗದ 30 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕರುಳಿನ ಮೇಲೆ ಗಮನ ಇಡಿಸುವ ಸಂಮೋಹನ ಚಿಕಿತ್ಸೆ, ಇನ್ನೊಂದಕ್ಕೆ ಮಾತಿನ ಚಿಕಿತ್ಸೆ ಮತ್ತು ಹುಸಿ ಮಾತ್ರೆ ಕೊಟ್ಟು 1984ರಲ್ಲಿ ಲ್ಯಾನ್ಸೆಟ್‌ನಲ್ಲಿ ಬರೆದರು. ಸಂಮೋಹನದ ಗುಂಪು ಎದ್ದು ಕಾಣುವಷ್ಟು ಸುಧಾರಿಸಿತ್ತು. ಹಿರಿಯ ವೈದ್ಯರು ನಗಾಡಿರಬಹುದು. ವೋರ್ವೆಲ್ ಅಷ್ಟಕ್ಕೇ ಬಿಡಲಿಲ್ಲ. ಗುದನಾಳದೊಳಗೆ ಪುಟ್ಟ ಬಲೂನು ಉಬ್ಬಿಸಿ, ಎಷ್ಟು ಉಬ್ಬಿದರೆ ರೋಗಿಗೆ ಸಂಕಟವಾಗುತ್ತದೆ ಎಂದು ಚಿಕಿತ್ಸೆಗೆ ಮೊದಲೂ ಆಮೇಲೂ ಅಳೆದರು. ಅತಿಸೂಕ್ಷ್ಮವಾಗಿದ್ದ ಕರುಳು ಚಿಕಿತ್ಸೆಯ ನಂತರ ಹೆಚ್ಚು ತಾಳಿಕೊಂಡಿತು. ಸಂಮೋಹನದ ಮಾತಿನಿಂದ ಕರುಳಿನ ಸಂವೇದನೆ ಬದಲಾಗಿತ್ತು! 2015ರಲ್ಲಿ ಅದೇ ಘಟಕ ತನ್ನ ಸಾವಿರ ರೋಗಿಗಳ ಲೆಕ್ಕ ಒಪ್ಪಿಸಿದಾಗ ಶೇ. 76ರಷ್ಟು ಜನರಿಗೆ ಗುಣ ಕಂಡಿತ್ತು. ಹೋಲಿಕೆಯ ಗುಂಪಿಲ್ಲದ ಲೆಕ್ಕ ಅದು, ಅಷ್ಟು ಅನುಮಾನ ಇಟ್ಟುಕೊಂಡೇ ಓದಬೇಕು.

ಎಂಡೋಸ್ಕೋಪಿಯಲ್ಲಿ ಹುಣ್ಣು ಕಾಣುತ್ತದೆ, ನೋವಿನ ನರ ಕಾಣುವುದಿಲ್ಲ. ನಾರ್ಮಲ್ ಎಂದು ಬರೆದದ್ದು ಕ್ಯಾಮೆರಾಕ್ಕೆ ಕಂಡದ್ದರ ಬಗ್ಗೆ ಮಾತ್ರ. ಇನ್ನು ಆ ಪ್ಯಾನ್-ಡಿ: ತಿಂಗಳುಗಟ್ಟಲೆ ನುಂಗಿ ಒಂದು ದಿನ ಥಟ್ಟನೆ ಬಿಟ್ಟರೆ ಹೊಟ್ಟೆಯ ಆಮ್ಲ ಮೊದಲಿಗಿಂತ ಜೋರಾಗಿ ಮರಳುತ್ತದೆ. ‘ನೋಡಿ, ಬಿಟ್ಟ ಕೂಡಲೇ ಗ್ಯಾಸ್ಟ್ರಿಕ್ ಬಂತು’ ಎಂದು ಮತ್ತೆ ಶುರು. ಕೆಲವರ ಮನೆಯಲ್ಲಿ ಇದು ಬೆಳಗಿನ ಕಾಫಿಗೂ ಮೊದಲಿನ ನೈವೇದ್ಯ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ದಕ್ಷಿಣ ಏಷ್ಯಾದವರಿಗೆ ಹೃದಯಾಘಾತದ ಅಪಾಯ ಹೆಚ್ಚು. ಎದೆ ಬಿಗಿದು ಬೆವರಿದರೆ ಅದನ್ನು ಗ್ಯಾಸೂ ಅನ್ನಬೇಡಿ, ಟೆನ್ಶನ್ನೂ ಅನ್ನಬೇಡಿ, 999ಕ್ಕೆ ಫೋನು ಮಾಡಿ.

ಉಳಿದ ನಂಬಿಕೆಗಳು ಇಷ್ಟು ಜಾಗಕ್ಕೆ ಯೋಗ್ಯವಲ್ಲ. ಟೆನ್ಶನ್ನಿಂದಲೇ ಅಲ್ಸರ್ ಬರುತ್ತದೆ: ಹೆಚ್ಚಿನ ಹುಣ್ಣುಗಳಿಗೆ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ, ಇಲ್ಲವೇ ನೋವಿನ ಮಾತ್ರೆ ಕಾರಣ. ಅದನ್ನು ತೋರಿಸಿದ ಇಬ್ಬರು ಆಸ್ಟ್ರೇಲಿಯನ್ನರಿಗೆ 2005ರಲ್ಲಿ ನೊಬೆಲ್ಲೂ ಬಂತು. ವಿಟಮಿನ್ ಡಿ ನುಂಗಿದರೆ ಖಿನ್ನತೆ ಹೋಗುತ್ತದೆ: ನಮ್ಮ ಮೈಬಣ್ಣಕ್ಕೆ ಇಲ್ಲಿ ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳಿ, ಮೂಳೆಗೆ ಒಳ್ಳೆಯದು. ಆದರೆ 50 ದಾಟಿದ 18 ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಮೇಲೆ ನಡೆದ ಪ್ರಯೋಗದಲ್ಲಿ ಅದು ಖಿನ್ನತೆಯನ್ನು ತಡೆಯಲಿಲ್ಲ. ಧೈರ್ಯವಾಗಿದ್ದರೆ ಕ್ಯಾನ್ಸರ್ ಗೆಲ್ಲಬಹುದು: 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನಗಳ ಪರಾಮರ್ಶೆ ಇದಕ್ಕೆ ನಂಬತಕ್ಕ ಪುರಾವೆ ಕಾಣಲಿಲ್ಲ. ಸತ್ತವರು ಧೈರ್ಯ ಸಾಲದೆ ಸತ್ತರು ಎನ್ನುವಷ್ಟು ಕ್ರೂರವಾದ ಮಾತು ಅದು ಎಂಬುದಾದರೂ ಹೊಳೆಯಬೇಡವೆ? ಖುಷಿಯಾಗಿದ್ದರೆ ಆಯುಸ್ಸು ಹೆಚ್ಚುತ್ತದೆ: ಬ್ರಿಟನ್ನಿನ ಏಳು ಲಕ್ಷ ಮಹಿಳೆಯರನ್ನು ಸುಮಾರು ಹತ್ತು ವರ್ಷ ಗಮನಿಸಿದ 2015ರ ವರದಿಯಲ್ಲಿ, ಮೊದಲೇ ಇದ್ದ ಕಾಯಿಲೆ, ಸಿಗರೇಟು ಇತ್ಯಾದಿಗಳ ಲೆಕ್ಕ ತೆಗೆದ ಮೇಲೆ ಖುಷಿಗೂ ಸಾವಿಗೂ ಸಂಬಂಧ ಉಳಿಯಲಿಲ್ಲ. ಕಾಯಿಲೆ ಇದ್ದವರು ಖುಷಿಯಾಗಿರಲಿಲ್ಲ, ಅಷ್ಟೆ.

ಹಾಗಂತ ಮನಸ್ಸಿಗೂ ಮೈಗೂ ನಂಟೇ ಇಲ್ಲವೆಂದು ಯಾರೂ ಓಡಬೇಡಿ. 1998ರ ಜೂನ್ 30ರಂದು ವಿಶ್ವಕಪ್ಪಿನಲ್ಲಿ ಇಂಗ್ಲೆಂಡು ಅರ್ಜೆಂಟೀನಾಕ್ಕೆ ಪೆನಾಲ್ಟಿಗಳಲ್ಲಿ ಸೋತಿತು. ಆ ದಿನ ಮತ್ತು ಮುಂದಿನ ಎರಡು ದಿನ ಇಂಗ್ಲೆಂಡಿನಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರು ಶೇ. 25 ಹೆಚ್ಚು ಎಂದು ಲೆಕ್ಕ ಹಾಕಿದವರಲ್ಲಿ ಮುಖ್ಯರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಡಗ್ಲಾಸ್ ಕ್ಯಾರಲ್. ಅದೇ ವಿಶ್ವವಿದ್ಯಾಲಯದಲ್ಲಿ ಅವರೂ ಆ್ಯನಾ ಫಿಲಿಪ್ಸ್ ಅವರೂ 65 ದಾಟಿದವರಿಗೆ ಫ್ಲೂ ಲಸಿಕೆ ಹಾಕಿಸಿ ರಕ್ತ ನೋಡಿದರು. ಹಿಂದಿನ ಒಂದು ವರ್ಷದಲ್ಲಿ ಹತ್ತಿರದವರನ್ನು ಕಳೆದುಕೊಂಡವರಲ್ಲಿ ಲಸಿಕೆಗೆ ಪ್ರತಿಕಾಯಗಳು ಹುಟ್ಟಿದ್ದು ಕಡಿಮೆ. ನಂಟು ಇರುವುದು ಹೀಗೆ: ಇಂಥ ದುಃಖಕ್ಕೆ, ಇಂಥ ಅಂಗದಲ್ಲಿ, ಇಷ್ಟು ಪ್ರಮಾಣದಲ್ಲಿ, ಅಳೆಯಲು ಬರುವ ಹಾಗೆ.

ನಮ್ಮವರಿಗೆ ಅಳತೆ ಬೇಡ, ಕಥೆ ಬೇಕು. ಸರ್ವೇಯರ್ ವರದಿ ಕೈಗೆ ಬರದೆ ಮನೆಗೆ ಒಂದು ಪೌಂಡು ಮುಂಗಡ ಕೊಡದವರು, ಬಾಯ್ಲರ್ ರಿಪೇರಿಗೆ ಬಂದವನ ಪರವಾನಗಿ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡುವವರು, ವಾಟ್ಸ್ಆ್ಯಪಿನಲ್ಲಿ ಯಾರೋ ಕಾವಿ ತೊಟ್ಟು ‘ಕ್ವಾಂಟಂ ಕಂಪನದಿಂದ ಥೈರಾಯ್ಡ್ ಶುದ್ಧಿ’ ಎಂದರೆ ಮೂರು ಗುಂಪಿಗೆ ಕಳಿಸಿ ಮಲಗುತ್ತಾರೆ. ಕಾರ್ಟಿಸಾಲ್ ಇಳಿಸುವ ಚಹಾ, ಒತ್ತಡ ಹೀರುವ ತಾಮ್ರದ ಬಳೆ, ಎಲ್ಲಕ್ಕೂ ಗಿರಾಕಿಗಳು ಸಿಗುತ್ತಾರೆ. ಸಿಗದೇ ಇರುವುದು ಖಿನ್ನತೆ ಎಂಬ ಸಾದಾ ಮಾತಿಗೆ. ಅದನ್ನು ಹೇಳಿದ ಡಾಕ್ಟರನ್ನೇ ಬದಲಾಯಿಸುತ್ತಾರೆ.

ಮ್ಯಾಂಚೆಸ್ಟರಿನ ನುಸ್ರತ್ ಹುಸೇನ್ ಅವರ ತಂಡಕ್ಕೆ ಈ ರಗಳೆ ಗೊತ್ತಿದ್ದಿರಬೇಕು. ಹೆರಿಗೆಯ ನಂತರ ಖಿನ್ನತೆಗೊಳಗಾದ ದಕ್ಷಿಣ ಏಷ್ಯಾ ಮೂಲದ ಹೆಂಗಸರಿಗೆ ಅವರ ಮನೆಮಾತಿನಲ್ಲೇ ಗುಂಪು ಚಿಕಿತ್ಸೆ ರೂಪಿಸಿದಾಗ ಅದಕ್ಕಿಟ್ಟ ಹೆಸರಿನಲ್ಲಿ ಖಿನ್ನತೆಯ ಸೊಲ್ಲೇ ಇಲ್ಲ. ‘ಪಾಸಿಟಿವ್ ಹೆಲ್ತ್ ಪ್ರೋಗ್ರಾಂ’ ಎಂದರು. ಏಳುನೂರಕ್ಕೂ ಹೆಚ್ಚು ತಾಯಂದಿರ ಮೇಲಿನ ಆ ಪ್ರಯೋಗ 2024ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ನಾಲ್ಕು ತಿಂಗಳಿಗೆ ಚಿಕಿತ್ಸೆಯ ಗುಂಪಿನಲ್ಲಿ ಅರ್ಧದಷ್ಟು ಮಂದಿ ಚೇತರಿಸಿಕೊಂಡಿದ್ದರು, ಮಾಮೂಲಿ ಆರೈಕೆಯ ಗುಂಪಿನಲ್ಲಿ ಮೂರನೇ ಒಂದಕ್ಕಿಂತ ತುಸು ಹೆಚ್ಚು. ವರ್ಷ ತುಂಬುವಾಗ ಆ ಅಂತರ ಗಟ್ಟಿಯಾಗಿ ಉಳಿದಿರಲಿಲ್ಲ. ಒಂದು ಸುತ್ತಿಗೆ ಮುಗಿಯುವ ಕಾಯಿಲೆಯಲ್ಲ ಇದು, ಡಯಾಬಿಟೀಸಿನ ಹಾಗೆ ಮತ್ತೆ ಮತ್ತೆ ನೋಡುತ್ತಿರಬೇಕು.

ಮಾತಿನ ಚಿಕಿತ್ಸೆ ಬೇಕಿದ್ದರೆ, ಇಂಗ್ಲೆಂಡಿನಲ್ಲಿ ಜಿಪಿ ಬಳಿ ಹೆಸರು ನೋಂದಾಯಿಸಿಕೊಂಡ ವಯಸ್ಕರು ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ಗೆ ತಾವೇ ಅರ್ಜಿ ಹಾಕಿಕೊಳ್ಳಬಹುದು. ಬರ್ಮಿಂಗ್‌ಹ್ಯಾಮಿನವರಿಗೆ ಅದು ಬರ್ಮಿಂಗ್‌ಹ್ಯಾಮ್ ಹೆಲ್ದಿ ಮೈಂಡ್ಸ್ ಎಂಬ ಹೆಸರಿನಲ್ಲಿದೆ. ಕನ್ನಡದ ದುಭಾಷಿ ಬೇಕೆಂದು ಮೊದಲೇ ಹೇಳಿಡಿ, ದುಡ್ಡು ಕೇಳುವುದಿಲ್ಲ. ಡಾಕ್ಟರ ಚೀಟಿ ಬೇಡವಾದ್ದರಿಂದ ಬೆಳಗ್ಗೆ ಎಂಟಕ್ಕೆ ಜಿಪಿಯ ಕ್ಲಿನಿಕ್ಕಿಗೆ ಫೋನು ಹಚ್ಚಿ ‘ನೀವು ಸಾಲಿನಲ್ಲಿ ಇಪ್ಪತ್ತೇಳನೆಯವರು’ ಎಂದು ಕೇಳಿಸಿಕೊಳ್ಳುವ ಕರ್ಮವೂ ಇಲ್ಲ.