ಕಾರು ನಿಜಕ್ಕೂ ಎತ್ತ ತಿರುಗಿತು?

1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ವಾಹನ ಪತ್ರಿಕೆಯೊಂದು ಹೊಸದಾಗಿ ಬಂದಿದ್ದ ಮರ್ಸಿಡಿಸ್ ಎ-ಕ್ಲಾಸ್ ಕಾರನ್ನು ಪರೀಕ್ಷೆಗೆ ಒಡ್ಡಿತು. ಆ ದೇಶದ ಕಾಡುದಾರಿಗಳಲ್ಲಿ ಮೂಸ್ ಎಂಬ ಭಾರೀ ಜಿಂಕೆ ದಿಢೀರನೆ ಅಡ್ಡ ಬರುವುದುಂಟು. ಅದನ್ನು ತಪ್ಪಿಸಲು ಸ್ಟೀರಿಂಗನ್ನು ಒಮ್ಮೆ ಅತ್ತ, ಮರುಕ್ಷಣವೇ ಇತ್ತ ಎಳೆಯಬೇಕು. ಹಾಗೆ ಎಳೆದಾಗ ಎ-ಕ್ಲಾಸ್ ಮಗುಚಿತು. ಕಂಪನಿ ಕಾರಿನ ಸಸ್ಪೆನ್ಷನ್ ತಿದ್ದಿತಷ್ಟೇ ಅಲ್ಲ, ಎರಡು ವರ್ಷ ಮೊದಲು ಬಾಷ್ ಜೊತೆ ಸೇರಿ ತನ್ನ ದುಬಾರಿ ಎಸ್-ಕ್ಲಾಸ್‌ನಲ್ಲಿ ತಂದಿದ್ದ ಒಂದು ವ್ಯವಸ್ಥೆಯನ್ನು ಪ್ರತಿ ಎ-ಕ್ಲಾಸ್‌ಗೂ ಹಾಕಿಕೊಟ್ಟಿತು. ಅದೇ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಚಿಕ್ಕದಾಗಿ ಇಎಸ್‌ಸಿ. ಅದರ ಜೀವಾಳ ಬೆರಳ ತುದಿಯಲ್ಲಿ ಕೂರುವಷ್ಟು ಚಿಕ್ಕದೊಂದು ಸೆನ್ಸರ್.

ಕಾರಿನ ಚಾವಣಿಯಿಂದ ನೆಲದವರೆಗೆ ನಟ್ಟನಡುವೆ ಒಂದು ಕಂಬ ನೆಟ್ಟಿದೆ ಎಂದುಕೊಳ್ಳಿ. ಕಾರು ತಿರುವು ತೆಗೆದುಕೊಳ್ಳುವಾಗ ಆ ಕಂಬದ ಸುತ್ತ ಬುಗುರಿಯಂತೆ ತಿರುಗುತ್ತದಲ್ಲ, ಆ ತಿರುಗುವಿಕೆಗೆ ಎಂಜಿನಿಯರುಗಳು ‘ಯಾ’ ಎನ್ನುತ್ತಾರೆ. ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗಿತು ಎಂಬುದೇ ಅದರ ಅಳತೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರು ಸೆಕೆಂಡಿಗೆ ಸುಮಾರು 19 ಡಿಗ್ರಿ ತಿರುಗಬೇಕು. ಅದಕ್ಕಿಂತ ಕಡಿಮೆ ತಿರುಗಿದರೆ ಮೂತಿ ರಸ್ತೆಯಾಚೆಗೆ ಜಾರುತ್ತಿದೆ ಎಂದರ್ಥ. ಹೆಚ್ಚು ತಿರುಗಿದರೆ ಹಿಂಭಾಗ ಹೊರಕ್ಕೆ ಬೀಸುತ್ತಿದೆ. ಸ್ಪೀಡೋಮೀಟರಿಗೆ ವೇಗ ಗೊತ್ತು, ಸ್ಟೀರಿಂಗಿಗೆ ಚಾಲಕನ ಮನಸ್ಸು ಗೊತ್ತು. ಕಾರು ನಿಜಕ್ಕೂ ಎಷ್ಟು ತಿರುಗುತ್ತಿದೆ ಎಂಬುದು ಈ ಸೆನ್ಸರಿಗೆ ಮಾತ್ರ ಗೊತ್ತು.

ಹೊರಗಿನ ಗಿಡಮರ, ರಸ್ತೆ ಯಾವುದನ್ನೂ ನೋಡದೆ ಇದು ತಿರುಗುವಿಕೆಯನ್ನು ಹೇಗೆ ಅರಿಯುತ್ತದೆ? ಪಾರ್ಕಿನಲ್ಲಿ ಮಕ್ಕಳು ಕೂತು ಸುತ್ತುವ ತಿರುಗುಮಣೆಯನ್ನು ನೆನೆಯಿರಿ. ಅದು ಸುತ್ತುತ್ತಿರುವಾಗ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಹೆಜ್ಜೆ ಹಾಕಲು ಹೋದರೆ ಯಾರೋ ಪಕ್ಕಕ್ಕೆ ತಳ್ಳಿದಂತಾಗುತ್ತದೆ. 1835ರಲ್ಲಿ ಇದರ ಗಣಿತವನ್ನು ಬಿಡಿಸಿಟ್ಟ ಫ್ರೆಂಚ್ ವಿಜ್ಞಾನಿಯ ಹೆಸರಿನಿಂದ ಇದನ್ನು ಕೊರಿಯೋಲಿಸ್ ಬಲ ಎನ್ನುತ್ತೇವೆ. ಸೆನ್ಸರಿನೊಳಗೆ ಸಿಲಿಕಾನಿನಲ್ಲಿ ಕೆತ್ತಿದ ಎರಡು ಪುಟ್ಟ ತುಣುಕುಗಳು ಕೂದಲಿಗಿಂತ ತೆಳುವಾದ ಸ್ಪ್ರಿಂಗುಗಳಲ್ಲಿ ತೂಗುತ್ತ, ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ಅದುರುತ್ತಿರುತ್ತವೆ. ಕಾರು ನೇರ ಸಾಗುವಾಗ ಆ ಅದುರು ಒಂದೇ ಗೆರೆಯಲ್ಲಿರುತ್ತದೆ. ಕಾರು ತಿರುಗಿದೊಡನೆ ಕೊರಿಯೋಲಿಸ್ ಬಲ ಅವನ್ನು ಅಡ್ಡಕ್ಕೆ ತಳ್ಳುತ್ತದೆ. ವೇಗವಾಗಿ ತಿರುಗಿದಷ್ಟೂ ತಳ್ಳು ಹೆಚ್ಚು. ಪಕ್ಕದಲ್ಲಿರುವ ಬಾಚಣಿಗೆಯ ಹಲ್ಲಿನಂಥ ವಿದ್ಯುತ್ ತಟ್ಟೆಗಳ ನಡುವಿನ ಅಂತರ ಆಗ ಅತಿ ಸೂಕ್ಷ್ಮವಾಗಿ ಬದಲಾಗುತ್ತದೆ, ಅದನ್ನೇ ಚಿಪ್ ಅಳೆಯುತ್ತದೆ.

ತುಣುಕುಗಳು ಎರಡೇಕೆ? ನನಗೆ ಅತಿ ಮೆಚ್ಚುಗೆಯಾದ ಜಾಣ್ಮೆ ಇಲ್ಲಿದೆ. ಅವೆರಡೂ ಎದುರುಬದುರಾಗಿ ಅದುರುತ್ತವೆ, ಹಾಗಾಗಿ ತಿರುವಿನ ಬಲ ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ತಳ್ಳುತ್ತದೆ. ಗುಂಡಿಗೆ ಬಿದ್ದಾಗಿನ ಕುಲುಕಾಟವೋ, ಎರಡನ್ನೂ ಒಂದೇ ಕಡೆಗೆ ನೂಕುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಕುಲುಕಾಟ ಬಹುಮಟ್ಟಿಗೆ ಅಳಿಸಿ ತಿರುವು ಉಳಿಯುತ್ತದೆ. ನಮ್ಮ ಅಡುಗೆಮನೆಯ ನೊಣವೂ ಇದೇ ವಿದ್ಯೆ ಬಲ್ಲದು. ಅದರ ಹಿಂದಿನ ಜೋಡಿ ರೆಕ್ಕೆಗಳು ವಿಕಾಸದಲ್ಲಿ ಪುಟ್ಟ ಗದೆಗಳಂತಾಗಿವೆ. ಹಾರುವಾಗ ಅವು ಬಡಿಯುತ್ತ, ಇದೇ ಕೊರಿಯೋಲಿಸ್ ಬಲದಿಂದ ಮೈ ಎತ್ತ ತಿರುಗಿತೆಂದು ತಿಳಿಸುತ್ತವೆ.

ತಿಳಿದ ಮೇಲೆ ತಿದ್ದಬೇಕು. ಚಕ್ರಗಳ ವೇಗ ಮತ್ತು ಸ್ಟೀರಿಂಗಿನ ಕೋನದಿಂದ ಕಾರು ಎಷ್ಟು ತಿರುಗಬೇಕಿತ್ತೆಂದು ಕಂಪ್ಯೂಟರ್ ಲೆಕ್ಕ ಹಾಕಿ, ಸೆನ್ಸರ್ ಹೇಳಿದ್ದರೊಡನೆ ಹೋಲಿಸುತ್ತದೆ. ಎಡ ತಿರುವಿನಲ್ಲಿ ಹಿಂಭಾಗ ಹೊರಕ್ಕೆ ಬೀಸಿದರೆ ಮುಂದಿನ ಬಲಚಕ್ರಕ್ಕೆ ಮಾತ್ರ ಬ್ರೇಕ್ ಬೀಳುತ್ತದೆ, ಕಾರಿನ ಸುತ್ತು ತಗ್ಗುತ್ತದೆ. ಮೂತಿ ಜಾರಿದರೆ ಹಿಂದಿನ ಎಡಚಕ್ರಕ್ಕೆ ಬ್ರೇಕ್ ಬಿದ್ದು ಕಾರು ಒಳಕ್ಕೆ ಎಳೆದುಕೊಳ್ಳುತ್ತದೆ. ಜೊತೆಗೆ ಎಂಜಿನ್ನಿನ ಬಲವನ್ನೂ ಇಳಿಸುವುದುಂಟು. ಎಂಥ ನುರಿತ ಚಾಲಕನಿಗೂ ಇದು ಅಸಾಧ್ಯ, ಏಕೆಂದರೆ ನಾಲ್ಕು ಚಕ್ರಕ್ಕೂ ಸೇರಿ ಅವನ ಕಾಲಡಿ ಇರುವುದು ಒಂದೇ ಪೆಡಲ್.

ಆದರೆ ಇಎಸ್‌ಸಿ ರಸ್ತೆಯ ಹಿಡಿತವನ್ನು ಹೆಚ್ಚಿಸಲಾರದು. ಸವೆದ ಟೈರಿನಲ್ಲಿ, ಆಷಾಢದ ಮಳೆಯಲ್ಲಿ, ಚಾರ್ಮಾಡಿ ಘಾಟಿಯ ತಿರುವಿಗೆ ಅತಿವೇಗದಲ್ಲಿ ನುಗ್ಗಿದರೆ ಯಾವ ಚಿಪ್ಪೂ ಕಾಯದು.

ಅಮೆರಿಕದಲ್ಲಿ 2012ರ ಮಾದರಿಯಿಂದ, ಯುರೋಪಿನಲ್ಲಿ 2014ರಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಯಿತು. ನಮ್ಮಲ್ಲಿ 2023ರಲ್ಲಿ ಶುರುವಾದ ಭಾರತ್ ಎನ್‌ಸಿಎಪಿ ಎಂಬ ಕಾರು ಸುರಕ್ಷತಾ ಪರೀಕ್ಷೆಯಲ್ಲಿ ಮೂರು ಸ್ಟಾರ್ ಅಥವಾ ಅದಕ್ಕೂ ಹೆಚ್ಚು ಪಡೆಯಬೇಕಾದರೆ ಇಎಸ್‌ಸಿ ಇರಲೇಬೇಕು. ಕಾರು ಕೊಳ್ಳಲು ಶೋರೂಮಿಗೆ ಹೋದಾಗ ನೀವು ಆರಿಸಿದ ವೇರಿಯಂಟಿನಲ್ಲೇ ಇದು ಇದೆಯೇ ಎಂದು ಪಟ್ಟಿ ನೋಡಿ ಕೇಳಿ. ಈಗಾಗಲೇ ಇರುವ ಕಾರಾದರೆ, ಡ್ಯಾಶ್‌ಬೋರ್ಡಿನಲ್ಲಿ ಅಂಕುಡೊಂಕು ಗೆರೆ ಎಳೆದ ಕಾರಿನ ಚಿತ್ರವಿರುವ ಹಳದಿ ದೀಪ ಎಂಜಿನ್ ಶುರುವಾದ ಕೆಲ ಕ್ಷಣಗಳಲ್ಲಿ ಆರಿಹೋಗಬೇಕು. ಆರದೆ ಉರಿಯುತ್ತಲೇ ಇದ್ದರೆ ಘಟ್ಟ ಇಳಿಯುವ ಮೊದಲೇ ಗ್ಯಾರೇಜಿಗೆ ತೋರಿಸಿ.