ಜೂಜಾಡಿದ ಧರ್ಮರಾಯ, ಬಡ್ಡಿ ಬಂಗಾರಮ್ಮ

ಆನೇಕಲ್ಲಿನ ಧರ್ಮರಾಯಸ್ವಾಮಿ ಗುಡಿಯ ಕರಗಕ್ಕೆ ಸುತ್ತಲ ಹಳ್ಳಿಗಳ ಜನವೆಲ್ಲ ಸೇರುತ್ತಾರೆ. ದ್ರೌಪದಮ್ಮನ ಕರಗ ಮನೆ ಮುಂದೆ ಬಂದಾಗ ಹೆಂಗಸರು ಮಲ್ಲಿಗೆ ಎರಚಿ ಕೈಮುಗಿಯುತ್ತಾರೆ. ತಮ್ಮಂದಿರನ್ನೂ ಹೆಂಡತಿಯನ್ನೂ ಜೂಜಿಗೆ ಒಡ್ಡಿ ಸೋತವನೇ ಈ ಧರ್ಮರಾಯ ಎಂಬುದು ಆ ಗುಂಪಿನಲ್ಲಿರುವ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಪೂಜಿಸುತ್ತಾರೆ; ಪೂಜಿಸುವವರೇ ಜೂಜಿನ ಪ್ರಸಂಗ ಬಂದಾಗ ಅವನನ್ನು ಬಯ್ಯುತ್ತಾರೆ. ಒಬ್ಬನೇ ಮನುಷ್ಯನಲ್ಲಿ ಒಳ್ಳೆಯದೂ ಕೆಟ್ಟದ್ದೂ ಜೊತೆಗಿರುತ್ತವೆ ಎಂದು ನಮ್ಮ ಜನಕ್ಕೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹಾಗಿದ್ದ ಮೇಲೆ ರಾತ್ರಿ ಟಿವಿ ಮುಂದೆ ಕೂತ ಕೂಡಲೇ ‘ಇವನು ಹೀರೋ, ಇವಳು ವಿಲನ್’ ಎಂದು ಎರಡು ಪಾಲು ಮಾಡಿ ಸುಮ್ಮನಾಗುವುದೇಕೆ? ತಪ್ಪು ಮಾಡುವ ಪಾತ್ರದ ಮನಸ್ಸಿನೊಳಗೆ ಹೊಕ್ಕು ನೋಡುವುದು ಹೇಗೆಂಬುದೇ ಈ ಅಧ್ಯಾಯದ ವಿಷಯ.

ಧರ್ಮರಾಯನಿಂದಲೇ ಶುರು ಮಾಡೋಣ. ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ 1988ರ ಅಕ್ಟೋಬರ್‌ನಿಂದ 1990ರ ಜೂನ್‌ವರೆಗೆ ಭಾನುವಾರ ಬೆಳಗ್ಗೆ 94 ಕಂತುಗಳಾಗಿ ದೂರದರ್ಶನದಲ್ಲಿ ಬಂತು. ಬೀದಿಗೊಂದು ಟಿವಿ ಇದ್ದ ಕಾಲ ಅದು. ಹಿಂದಿ ಬಾರದವರೂ ಪಕ್ಕದ ಮನೆಯ ಜಗುಲಿಯಲ್ಲಿ ಕೂತು ನೋಡಿದರು, ಕತೆ ಗೊತ್ತೇ ಇತ್ತಲ್ಲ. ಸಭಾಪರ್ವದ ಪಗಡೆಯಾಟದಲ್ಲಿ ಧರ್ಮರಾಯ ಮೊದಲು ಒಡ್ಡುವುದು ಒಡವೆ, ರಥ, ಆನೆಗಳನ್ನು. ಆಮೇಲೆ ರಾಜ್ಯ. ಅದೂ ಹೋದ ಮೇಲೆ ನಕುಲ, ಸಹದೇವ. ಆಗ ಶಕುನಿ ಕುಟುಕುತ್ತಾನೆ: ಮಾದ್ರಿಯ ಮಕ್ಕಳನ್ನಾದರೆ ಒಡ್ಡಿಬಿಟ್ಟೆ, ನಿನ್ನ ಒಡಹುಟ್ಟಿದವರನ್ನು ಒಡ್ಡುವೆಯಾ? ಆ ಮಾತು ಮುಳ್ಳಿನಂತೆ ನಾಟುತ್ತದೆ. ತಾನು ಭೇದ ಮಾಡುವವನಲ್ಲವೆಂದು ತೋರಿಸಲು ಅರ್ಜುನನನ್ನೂ ಭೀಮನನ್ನೂ ಒಡ್ಡುತ್ತಾನೆ. ಕೊನೆಗೆ ತನ್ನನ್ನು, ಅದಾದ ಮೇಲೆ ದ್ರೌಪದಿಯನ್ನು. ಇಲ್ಲಿ ದುರಾಸೆ ಎಲ್ಲಿದೆ ಹುಡುಕಿ ನೋಡಿ, ಸಿಗುವುದು ಕಷ್ಟ. ಸೋತದ್ದನ್ನು ಮರಳಿ ಪಡೆಯುವ ಹಟವಿದೆ. ನ್ಯಾಯವಂತನೆಂಬ ಹೆಸರನ್ನು ಉಳಿಸಿಕೊಳ್ಳುವ ತವಕವಿದೆ. ಅವನ ಅತಿ ದೊಡ್ಡ ತಪ್ಪಿಗೆ ಅವನ ಒಳ್ಳೆಯ ಗುಣವೇ ಬಾಗಿಲು ತೆರೆಯಿತು. ಶಕುನಿ ಮನಶ್ಶಾಸ್ತ್ರ ಬಲ್ಲವನು, ಎಲ್ಲಿ ಕುಟುಕಬೇಕೆಂದು ಅವನಿಗೆ ಗೊತ್ತಿತ್ತು.

ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಇದನ್ನೇ ಸಿದ್ಧಾಂತವಾಗಿ ಬರೆದರು. ನೂರು ರೂಪಾಯಿ ಸಿಕ್ಕ ಸಂತೋಷಕ್ಕಿಂತ ನೂರು ರೂಪಾಯಿ ಕಳೆದುಕೊಂಡ ಸಂಕಟ ದೊಡ್ಡದು. ಲಾಭ ಕಣ್ಣೆದುರಿಗಿದ್ದಾಗ ಜನ ಹುಷಾರಾಗಿ ನಡೆಯುತ್ತಾರೆ. ನಷ್ಟ ಖಚಿತವೆನಿಸಿದಾಗ, ಅದು ತಪ್ಪಬಹುದೆಂಬ ಚೂರು ಆಸೆಗೆ ಇನ್ನೂ ದೊಡ್ಡ ಅಪಾಯಕ್ಕೆ ಕೈಹಾಕುತ್ತಾರೆ. ಮೊಬೈಲಿನ ರಮ್ಮಿಗೆ ಒಂದು ತಿಂಗಳ ಸಂಬಳ ಕಳೆದು, ಅದನ್ನು ವಾಪಸ್ ಪಡೆಯಲು ಸಾಲ ಮಾಡಿದ ಹುಡುಗರ ಕತೆ ಜಿಗಣಿ, ಬೊಮ್ಮಸಂದ್ರದ ಬಾಡಿಗೆ ಕೋಣೆಗಳಿಗೆ ಹೊಸದಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಬೇಕಾಯಿತು. ಆ ಹುಡುಗರನ್ನು ‘ದುರಾಸೆ ಪೀಡಿತರು’ ಎಂದು ತಳ್ಳಿಹಾಕಿದರೆ ಅವರು ಎರಡನೆಯ ಸಲ ಯಾಕೆ ಆಡಿದರೆಂಬುದು ನಮಗೆ ಎಂದೂ ತಿಳಿಯುವುದಿಲ್ಲ.

ಹಾಗಾಗಿ ಪಾತ್ರವನ್ನು ನೋಡುವಾಗ ‘ಇವನು ಎಂಥವನು’ ಎಂಬ ಪ್ರಶ್ನೆಯನ್ನು ಬದಿಗಿಡಿ. ‘ಇವನಿಗೆ ಏನನ್ನು ಕಳೆದುಕೊಳ್ಳುವ ಭಯ’ ಎಂದು ಕೇಳಿ. ಬಹುಪಾಲು ಬೀಗಗಳು ಈ ಒಂದು ಕೀಲಿಗೆ ತೆರೆದುಕೊಳ್ಳುತ್ತವೆ.

ಇನ್ನೊಬ್ಬರ ತಪ್ಪಿಗೆ ಅವರ ಗುಣವೇ ಕಾರಣ, ನಮ್ಮ ತಪ್ಪಿಗೆ ಮಾತ್ರ ಪರಿಸ್ಥಿತಿ ಕಾರಣ ಎಂದುಕೊಳ್ಳುವುದು ಎಲ್ಲರ ರೂಢಿ. ಪಕ್ಕದ ಮನೆಯವನು ಮಗಳ ಶಾಲೆಯ ಕಾರ್ಯಕ್ರಮಕ್ಕೆ ಬರದಿದ್ದರೆ ಅವನು ಬೇಜವಾಬ್ದಾರಿ ಅಪ್ಪ. ನಾವು ಹೋಗದಿದ್ದರೆ ಶಿಫ್ಟ್ ಇತ್ತು. ಪರಿಸ್ಥಿತಿಯನ್ನು ಮರೆತು ಗುಣದ ಮೇಲೆ ಎಲ್ಲವನ್ನೂ ಹೊರಿಸುವ ಈ ದೋಷಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಒಂದು ಹೆಸರನ್ನೇ ಕೊಟ್ಟರು. ಆ ದೋಷದಿಂದ ನಮ್ಮನ್ನು ಬಿಡಿಸುವ ಶಕ್ತಿ ಒಳ್ಳೆಯ ಧಾರಾವಾಹಿಗೆ ಇರುತ್ತದೆ, ಏಕೆಂದರೆ ಅದು ಪಕ್ಕದ ಮನೆಯವನ ಶಿಫ್ಟನ್ನೂ ತೋರಿಸುತ್ತದೆ.

ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ 1986ರಲ್ಲಿ ಬಂತು. ಆರ್.ಕೆ. ನಾರಾಯಣ್ ಅವರ ಕತೆಗಳವು. ಅದರಲ್ಲಿ ತಿಂಗಳಿಗೆ ನಲವತ್ತು ರೂಪಾಯಿ ಸಂಬಳದ ಗುಮಾಸ್ತ ವೆಂಕಟರಾವ್‌ನ ಕತೆಯೊಂದಿದೆ. ಅಂದು ಸಂಜೆ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆಂದು ಪುಟ್ಟ ಮಗಳಿಗೆ ಮಾತು ಕೊಟ್ಟಿದ್ದಾನೆ. ಅವಳು ಒಳ್ಳೆಯ ಫ್ರಾಕ್ ತೊಟ್ಟು ಕಾಯುತ್ತಿದ್ದಾಳೆ. ಆಫೀಸಿನಲ್ಲಿ ಮೇಲಧಿಕಾರಿ ಬಿಡುವುದಿಲ್ಲ. ಸಿಟ್ಟು ನೆತ್ತಿಗೇರಿ ರಾಜೀನಾಮೆ ಬರೆಯುತ್ತಾನೆ. ನಲವತ್ತು ರೂಪಾಯಿಗೆ ತನ್ನನ್ನು ಮಾರಿಕೊಂಡೆನೆಂದು ಮೊದಲ ಬಾರಿ ಅವನಿಗೆ ಅನಿಸಿರುತ್ತದೆ. ಅಷ್ಟರಲ್ಲಿ ಐದು ರೂಪಾಯಿ ಸಂಬಳ ಏರಿಕೆಯ ಸುದ್ದಿ ಬರುತ್ತದೆ. ಕೊಟ್ಟ ಕಾಗದವನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಮನೆ ಸೇರುವಾಗ ರಾತ್ರಿಯಾಗಿದೆ, ಮಗು ಅದೇ ಫ್ರಾಕಿನಲ್ಲಿ ನಿದ್ದೆಹೋಗಿದೆ.

ವೆಂಕಟರಾವ್ ಕೆಟ್ಟ ಅಪ್ಪನೇ? ಕತೆ ಹಾಗೆನ್ನುವುದಿಲ್ಲ. ಅವನನ್ನು ಬಿಟ್ಟುಬಿಡುವುದೂ ಇಲ್ಲ. ಆ ಕಾಗದವನ್ನು ಹಿಂದಕ್ಕೆ ಎಳೆದುಕೊಂಡ ಕೈಯನ್ನು ನೋಡಿ. ಮಗಳ ಮೇಲಿನ ಪ್ರೀತಿ ಸುಳ್ಳಲ್ಲ, ಐದು ರೂಪಾಯಿಯ ಆಸೆಯೂ ಸುಳ್ಳಲ್ಲ. ಆ ಐದು ರೂಪಾಯಿ ಹೋಗುವುದೂ ಆ ಮಗಳ ಹಾಲಿಗೇ. ಓವರ್‌ಟೈಮಿಗೆ ಸಹಿ ಹಾಕಿ ಮನೆಗೆ ಫೋನ್ ಮಾಡಿ ‘ಇವತ್ತಾಗಲ್ಲ ಕಣೇ’ ಎನ್ನುವವರು ಅತ್ತಿಬೆಲೆಯಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ದಿನವೂ ಎಷ್ಟೋ ಮಂದಿ. ಕನ್ನಡಿಗನೊಬ್ಬ ನಿರ್ದೇಶಿಸಿದ ಈ ಕಂತು ತಾನು ಬಂದ ಕಾಲಕ್ಕಿಂತ ಇವತ್ತು ನಮ್ಮ ಕೈಗಾರಿಕಾ ಪಟ್ಟಿಗೆ ಹೆಚ್ಚು ಹತ್ತಿರವಾಗಿದೆ ಎಂದು ನನಗನಿಸುತ್ತದೆ.

ಅದೇ ಸಾಲಿನ ಇನ್ನೊಂದು ಪಾತ್ರ ಅಂಚೆಯವ ತಾಣಪ್ಪ. ಬೀದಿಯ ಎಲ್ಲರ ಸುಖದುಃಖ ಬಲ್ಲವನು. ರಾಮಾನುಜಂ ಮಗಳ ಮದುವೆ ಮೇ 20ಕ್ಕೆ ನಿಂತಿದೆ. ಆ ದಿನ ತಪ್ಪಿದರೆ ವರ ತರಬೇತಿಗೆ ಹೋಗಿಬಿಡುತ್ತಾನೆ. ಹಿಂದಿನ ದಿನವೇ ಸೇಲಂನಿಂದ ಬಂಧುವಿನ ಕಾಯಿಲೆಯ ಕಾಗದ ಬಂದಿದೆ, ಮದುವೆಯ ದಿನ ಸಾವಿನ ತಂತಿ. ತಾಣಪ್ಪ ಎರಡನ್ನೂ ತಲುಪಿಸದೆ ಇಟ್ಟುಕೊಂಡು, ಮದುವೆ ಮುಗಿದ ಮೇಲೆ ತಂದುಕೊಟ್ಟು, ಬೇಕಾದರೆ ದೂರು ಕೊಡಿ, ನನ್ನ ಕೆಲಸ ಹೋಗುತ್ತದೆ ಅನ್ನುತ್ತಾನೆ. ಇವನಿಗೆ ಭಯವಿದ್ದದ್ದು ತನ್ನ ನಷ್ಟದ್ದಲ್ಲ, ಆ ಹುಡುಗಿಯ ನಷ್ಟದ್ದು. ಆದರೂ ಸಾಯುತ್ತಿರುವವನನ್ನು ಕೊನೆಯ ಬಾರಿ ನೋಡುವ ಹಕ್ಕನ್ನು ಒಂದು ಮನೆಯಿಂದ ಅವನು ಕಿತ್ತುಕೊಂಡ. ಪ್ರೀತಿಯಿಂದ ಮಾಡಿದ್ದೂ ತಪ್ಪಾಗಬಹುದು ಎಂಬುದನ್ನು ಇಷ್ಟು ಮೆತ್ತಗೆ ಹೇಳಿದ ಕತೆ ಕಿರುತೆರೆಯಲ್ಲಿ ನನಗೆ ಇನ್ನೊಂದು ಸಿಕ್ಕಿಲ್ಲ.

ಪಾತ್ರ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೆ ಎಂಬುದನ್ನು ಕೇಳಿಸಿಕೊಳ್ಳಿ, ಆದರೆ ಅದನ್ನೇ ನಂಬಬೇಡಿ. ಅದು ಏನನ್ನು ಬೇಡವೆನ್ನುತ್ತದೆ ಎಂಬುದರ ಮೇಲೆ ಕಣ್ಣಿಡಿ. 2008ರಿಂದ 2013ರವರೆಗೆ ಅಮೆರಿಕದಲ್ಲಿ ಬಂದ ‘ಬ್ರೇಕಿಂಗ್ ಬ್ಯಾಡ್’ ನಮ್ಮ ಐಟಿ ಹುಡುಗ ಹುಡುಗಿಯರಿಗೆ ಚೆನ್ನಾಗಿ ಗೊತ್ತು. ವಾಲ್ಟರ್ ವೈಟ್ ಹೈಸ್ಕೂಲಿನ ರಸಾಯನಶಾಸ್ತ್ರದ ಮೇಷ್ಟ್ರು. ಐವತ್ತು ತುಂಬುವ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್. ಹೆಂಡತಿ ಮಕ್ಕಳಿಗೆ ದುಡ್ಡು ಮಾಡಿಡಬೇಕೆಂದು ಮಾದಕ ಪದಾರ್ಥ ತಯಾರಿಸಲು ಇಳಿಯುತ್ತಾನೆ. ಕೆಲವೇ ಕಂತುಗಳಲ್ಲಿ ಹಳೆಯ ಗೆಳೆಯರು ಚಿಕಿತ್ಸೆಯ ಖರ್ಚನ್ನೆಲ್ಲ ಕೊಡಲು ಮುಂದೆ ಬರುತ್ತಾರೆ. ಅವನು ಬೇಡವೆನ್ನುತ್ತಾನೆ. ಆ ಗೆಳೆಯರ ಕಂಪನಿಯನ್ನು ಕಟ್ಟಿದವರಲ್ಲಿ ಅವನೂ ಒಬ್ಬ. ತನ್ನ ಪಾಲನ್ನು 5,000 ಡಾಲರಿಗೆ ಮಾರಿ ಹೊರಬಂದಿದ್ದ, ಆಮೇಲೆ ಕಂಪನಿ ಕೋಟಿಗಟ್ಟಲೆ ಬೆಳೆಯಿತು. ದುಡ್ಡೇ ಕಾರಣವಾಗಿದ್ದರೆ ಕತೆ ಅಲ್ಲಿಗೇ ಮುಗಿಯಬೇಕಿತ್ತು. ಎಲ್ಲವನ್ನೂ ತನಗಾಗಿಯೇ ಮಾಡಿದೆನೆಂದು ಕೊನೆಯ ಕಂತಿನಲ್ಲಿ ಅವನು ಹೆಂಡತಿಯ ಮುಂದೆ ಒಪ್ಪಿಕೊಳ್ಳುತ್ತಾನೆ. ಗಮನವಿಟ್ಟು ನೋಡಿದವರಿಗೆ ಅದು ಐದು ವರ್ಷ ಮೊದಲೇ ತಿಳಿದಿತ್ತು.

ಈಗ ನಮ್ಮ ಸಂಜೆಯ ಧಾರಾವಾಹಿಗೆ ಬರೋಣ. 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ನೆನಪಿಸಿಕೊಳ್ಳಿ. ಉಮಾಶ್ರೀ ಅವರ ಪುಟ್ಟಕ್ಕ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಗಂಡುಮಗು ಆಗಲಿಲ್ಲವೆಂದು ಗಂಡ ಗೋಪಾಲ ರಾಜೇಶ್ವರಿಯನ್ನು ಕಟ್ಟಿಕೊಂಡಿದ್ದಾನೆ. ಈತ ರಾಕ್ಷಸನಲ್ಲ. ರಾಕ್ಷಸನಾಗಿದ್ದರೆ ನೋಡುವವರಿಗೆ ಸುಲಭವಾಗುತ್ತಿತ್ತು. ತಾನು ಮಾಡಿದ್ದು ಅನ್ಯಾಯವೆಂದು ಒಪ್ಪಿಕೊಳ್ಳದೆ ಬದುಕಲು ಬೇಕಾದ ನೆಪವನ್ನು ‘ವಂಶ’ ಎಂಬ ಹೆಸರಿನಲ್ಲಿ ಊರೇ ಅವನಿಗೆ ತಯಾರು ಮಾಡಿಕೊಟ್ಟಿದೆ. ಒಳ್ಳೆಯವರೆನಿಸಿಕೊಂಡವರು ತಮ್ಮ ಮನಸ್ಸಾಕ್ಷಿಯನ್ನು ಹೀಗೆ ಬಿಡಿಸಿಟ್ಟು ತಪ್ಪು ಮಾಡುವ ಬಗೆಯನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ವಿವರವಾಗಿ ಬರೆದಿದ್ದಾರೆ: ಹೊಣೆಯನ್ನು ಹಿರಿಯರ ಮೇಲೆ ಹಾಕುವುದು, ನೊಂದವರನ್ನೇ ದೂರುವುದು, ಕೆಟ್ಟ ಕೆಲಸಕ್ಕೆ ಒಳ್ಳೆಯ ಹೆಸರಿಡುವುದು.

ಅದೇ ಧಾರಾವಾಹಿಯ ಬಡ್ಡಿ ಬಂಗಾರಮ್ಮನನ್ನು ನಮ್ಮ ಕಡೆಯ ಹೆಂಗಸರಿಗೆ ಪರಿಚಯಿಸಬೇಕಾಗಿಲ್ಲ. ಊರಿಗೆಲ್ಲ ನಡುಕ ಹುಟ್ಟಿಸುವ ಅವಳು ಮಗ ಕಂಠಿಯ ಮುಂದೆ ಕರಗಿಹೋಗುತ್ತಾಳೆ. ಬಡ್ಡಿಗೆ ಬಿಡುವವರ ಮಾತನ್ನು ನೀವೂ ಕೇಳಿದ್ದೀರಿ: ‘ಬ್ಯಾಂಕಿನೋರು ಬಾಗಿಲಿಗೂ ಬಿಟ್ಕೊಳ್ಳಲಿಲ್ಲ, ಅವತ್ತು ಕೊಟ್ಟೋಳು ನಾನು.’ ಆ ಮಾತಿನಲ್ಲಿ ಅರ್ಧ ನಿಜವಿದೆ. ಆ ಅರ್ಧ ನಿಜವೇ ಅವರಿಗೆ ರಾತ್ರಿ ನಿದ್ದೆ ತರಿಸುವುದು. ಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದಿತು. ಬಾಗಿಲಿಗೆ ಬಂದು ಮಾನ ಕಳೆಯುವವರನ್ನು ಕಂಡವರು ಬಂಗಾರಮ್ಮನ ತಾಯ್ತನಕ್ಕೆ ಕಣ್ಣೀರು ಹಾಕಬಹುದು, ಬಡ್ಡಿಯನ್ನು ಮಾತ್ರ ಮರೆಯುವುದಿಲ್ಲ. ಹಾಗೆ ಎರಡನ್ನೂ ಹಿಡಿದಿಟ್ಟುಕೊಳ್ಳುವುದೇ ಸರಿಯಾದ ನೋಟ.

ಒಂದು ಎಚ್ಚರಿಕೆ ಹೇಳಲೇಬೇಕು. 1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮೇರಿಯನ್ ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಚಿಕ್ಕ ಚಲನಚಿತ್ರ ಮಾಡಿದರು. ಎರಡು ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಆಯತ, ಅಷ್ಟೇ. ಏನು ನಡೆಯಿತು ಬರೆಯಿರಿ ಎಂದು 34 ವಿದ್ಯಾರ್ಥಿನಿಯರನ್ನು ಕೇಳಿದರೆ, ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಜೀವವಿರುವವರ ಕತೆ ಬರೆದರು; ದೊಡ್ಡ ತ್ರಿಕೋನ ಅನೇಕರಿಗೆ ಜಗಳಗಂಟನಾಗಿ ಕಂಡಿತು. ಉದ್ದೇಶವೇ ಇಲ್ಲದ ಕಡೆಯೂ ಉದ್ದೇಶ ಕಾಣುವ ಮನಸ್ಸು ನಮ್ಮದು. ಧಾರಾವಾಹಿಯಲ್ಲಿ ಪಾತ್ರವೊಂದು ಇದ್ದಕ್ಕಿದ್ದಂತೆ ಬದಲಾದರೆ ಅದಕ್ಕೆ ಆಳವಾದ ಮನಶ್ಶಾಸ್ತ್ರ ಹುಡುಕುವ ಮುನ್ನ ಟಿಆರ್‌ಪಿ ನೆನಪಿರಲಿ. ವಾರವಾರದ ಅಂಕಿ ನೋಡಿ ಟ್ರ್ಯಾಕ್ ತಿರುಗಿಸುತ್ತಾರೆ, ನಟಿ ಬಿಟ್ಟುಹೋದರೆ ಪಾತ್ರವನ್ನೇ ದೂರ ಕಳಿಸುತ್ತಾರೆ. ವರ್ಷಗಟ್ಟಲೆ ಕಣ್ಣು ಕೆಂಪಗೆ ಮಾಡಿ ನಿಂತ ಅತ್ತಿಗೆಗೆ ಕೊನೆಯ ವಾರದಲ್ಲಿ ಬಾಲ್ಯದ ಒಂದು ನೋವನ್ನು ಫ್ಲ್ಯಾಶ್‌ಬ್ಯಾಕ್ ಆಗಿ ಅಂಟಿಸುವುದು ನನ್ನ ದೃಷ್ಟಿಯಲ್ಲಿ ಮೋಸ. ಬಾಲ್ಯದಲ್ಲಿ ನೊಂದವರೆಲ್ಲ ವಿಷ ಬೆರೆಸುವುದಿಲ್ಲ. ನೋವಿಗೂ ತಪ್ಪಿಗೂ ನಡುವೆ ಆ ವ್ಯಕ್ತಿ ಮಾಡಿದ ಆಯ್ಕೆಗಳನ್ನು ಒಂದೊಂದಾಗಿ ತೋರಿಸಬೇಕು. 1998ರ ‘ಮಾಯಾಮೃಗ’ದಿಂದ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳು ಮನೆಮಾತಾದದ್ದು ಈ ತಾಳ್ಮೆಯಿಂದ. ಅವರ ಕೋರ್ಟ್ ದೃಶ್ಯಗಳಲ್ಲಿ ಪಾಟೀಸವಾಲು ಸಾಗಿದಂತೆಲ್ಲ ಒಬ್ಬ ಮನುಷ್ಯನ ನೆಪಗಳು ಒಂದೊಂದೇ ಕಳಚಿ ಬೀಳುವುದನ್ನು ಜನ ಕಾದು ನೋಡಿದರು.

ಕಾರಣ ತಿಳಿದುಕೊಂಡರೆ ತಪ್ಪನ್ನು ಕ್ಷಮಿಸಿದಂತಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಸಾವಿರ ವರ್ಷದ ಹಿಂದೆಯೇ ರನ್ನ ಇದಕ್ಕೆ ‘ಗದಾಯುದ್ಧ’ದಲ್ಲಿ ದಾರಿ ತೋರಿದ್ದಾನೆ. ಅವನ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ ತಮ್ಮನಿಗಾಗಿ, ಕರ್ಣನಿಗಾಗಿ ಅಳುತ್ತಾನೆ. ವೈರಿಯ ಮಗ ಅಭಿಮನ್ಯುವಿನ ಶೌರ್ಯಕ್ಕೂ ಕೈಮುಗಿಯುತ್ತಾನೆ. ಓದುವವರ ಕರುಳು ಕಿವುಚುತ್ತದೆ. ಆದರೂ ಗದೆ ಅವನ ತೊಡೆಗೆ ಬೀಳುತ್ತದೆ, ಬೀಳಬೇಕು. ಹಳ್ಳಿಯ ‘ಕುರುಕ್ಷೇತ್ರ’ ನಾಟಕದಲ್ಲಿ ದುರ್ಯೋಧನನ ಪಾರ್ಟಿಗೆ ಹೆಚ್ಚು ದುಡ್ಡು ಕಟ್ಟಿ ಬಣ್ಣ ಹಚ್ಚುವವರಿಗೂ ಇದು ಗೊತ್ತು.

ಮನೆಮಂದಿ ಜೊತೆಯಲ್ಲಿ ಧಾರಾವಾಹಿ ನೋಡುವವರಲ್ಲಿ ನನ್ನದೊಂದು ಕೋರಿಕೆ. ಜಾಹೀರಾತು ಬರುವ ಹೊತ್ತಿನಲ್ಲಿ ರಿಮೋಟನ್ನು ಪಕ್ಕಕ್ಕಿಟ್ಟು ಮಕ್ಕಳನ್ನು ಕೇಳಿ: ಅವಳು ಸುಳ್ಳು ಹೇಳಿದಳಲ್ಲ, ಏನು ಕೈತಪ್ಪುತ್ತದೆಂದು ಹೆದರಿದಳು? ಸುಳ್ಳು ಹೇಳದೆ ಇರಲು ಅವಳಿಗೆ ದಾರಿ ಇತ್ತೇ? ಮಕ್ಕಳು ಕೊಡುವ ಉತ್ತರವನ್ನು ಪೂರ್ತಿ ಕೇಳಿ. ಜಾಹೀರಾತು ಮುಗಿದು ಕತೆ ಮುಂದುವರಿದರೂ ಅವರ ಮಾತನ್ನು ಅರ್ಧಕ್ಕೆ ತಡೆಯಬೇಡಿ.