ಅಟ್ಟದ ಧ್ವನಿಸುರುಳಿ, ಚಾವಡಿಯ ಸಂಗೀತಪೆಟ್ಟಿಗೆ

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಸೀಮೆಯಲ್ಲಿ ತುಸು ಹಳೆಯದಾದ ಮನೆಯ ಅಟ್ಟ ಹತ್ತಿ ನೋಡಿದರೆ, ಬಿಸ್ಕತ್ತಿನ ಡಬ್ಬಿಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ತುಂಬಿಸಿಟ್ಟ ಧ್ವನಿಸುರುಳಿಗಳು, ಅಂದರೆ ಕ್ಯಾಸೆಟ್ಟುಗಳು, ಸಿಗುವುದುಂಟು. ಅಂಗಡಿಯಿಂದ ಕೊಂಡುತಂದವು ಕೆಲವು. ಊರಿನ ತಾಳಮದ್ದಳೆ, ಭಜನೆ, ಮದುವೆಯ ಹಾಡು ಮುಂತಾದವನ್ನು ಮನೆಯವರೇ ಟೇಪ್ ರೆಕಾರ್ಡರ್ ಇಟ್ಟು ಹಿಡಿದವು ಹಲವು. ಅಂಗಡಿಯ ಸುರುಳಿಗೆ ಇನ್ನೊಂದು ಪ್ರತಿ ಎಲ್ಲಾದರೂ ಇದ್ದೀತು. ಮನೆಯಲ್ಲಿ ಹಿಡಿದುದಕ್ಕೆ ಪ್ರತಿಯೆಂಬುದೇ ಇಲ್ಲ. "ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದಲ್ಲ ಟೀಚರ್" ಎಂದು ಮಕ್ಕಳು ಕೇಳುತ್ತಾರೆ. ಅಜ್ಜ ಚಾವಡಿಯಲ್ಲಿ ಕುಳಿತು ಕರ್ಣನ ಅರ್ಥ ಹೇಳಿದ್ದು ಯಾವ ಮೊಬೈಲಿನಲ್ಲೂ ಸಿಗಲಾರದು.

ಕ್ಯಾಸೆಟ್ಟನ್ನು 1963ರಲ್ಲಿ ಫಿಲಿಪ್ಸ್ ಸಂಸ್ಥೆಯವರು ಜಗತ್ತಿಗೆ ತಂದರು. ನಾಲ್ಕು ಮಿಲಿಮೀಟರಿಗಿಂತಲೂ ಕಿರಿದಾದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬಳಿದ ಕಬ್ಬಿಣದ ಆಕ್ಸೈಡಿನಲ್ಲಿ ಧ್ವನಿಯು ಕಾಂತಶಕ್ತಿಯ ಏರಿಳಿತವಾಗಿ ನಿಂತಿರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಈ ಪಟ್ಟಿಗೆ ಬೂಸ್ಟು ಬರುತ್ತದೆ, ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆದುದರಿಂದ ಮೊದಲ ಕೆಲಸ ಧ್ವನಿಯನ್ನು ಪಟ್ಟಿಯಿಂದ ಬಿಡಿಸಿ ಅಂಕೆಗಳಾಗಿ ಬರೆದಿಡುವುದು.

ಇದಕ್ಕೆ ಬೇಕಾದುದು ಓಡುವ ಸ್ಥಿತಿಯ ಒಂದು ಟೇಪ್ ರೆಕಾರ್ಡರ್, ಒಂದು ಕಂಪ್ಯೂಟರ್, ಎರಡನ್ನೂ ಕೂಡಿಸುವ ತಂತಿ ಮತ್ತು ಉಚಿತವಾಗಿ ದೊರೆಯುವ ಆಡಾಸಿಟಿ ಎಂಬ ತಂತ್ರಾಂಶ. ಸುರುಳಿಯನ್ನು ಹಾಕುವ ಮೊದಲು ಪೆನ್ಸಿಲಿನಿಂದ ನಿಧಾನವಾಗಿ ಸುತ್ತಿ ಸಡಿಲಿಸಬೇಕು. ಟೇಪಿನ ಹೆಡ್ಡನ್ನು ಸ್ಪಿರಿಟ್ ತಾಗಿಸಿದ ಹತ್ತಿಯಿಂದ ಒರಸಬೇಕು. ಮಾತು ಮಂಕಾಗಿ, ಕಂಬಳಿಯೊಳಗಿಂದ ಬಂದಂತೆ ಕೇಳಿಸಿದರೆ ಹೆಡ್ಡು ಪಟ್ಟಿಗೆ ಸರಿಯಾಗಿ ಲಂಬವಾಗಿಲ್ಲ ಎಂದರ್ಥ; ಅದರ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರೆ 'ಸ'ಕಾರ 'ಶ'ಕಾರಗಳು ಬೇರೆಬೇರೆಯಾಗಿ ಕಿವಿಗೆ ಬೀಳತೊಡಗುತ್ತವೆ. ಧ್ವನಿಯ ಮಟ್ಟವನ್ನು ತುಂಬ ಏರಿಸಬಾರದು. ಚೆಂಡೆಯ ಪೆಟ್ಟಿಗೆ ಅಳತೆಯ ಮಿತಿ ಮೀರಿದರೆ ಅಲೆಯ ತಲೆಯೇ ಕತ್ತರಿಸಿಹೋಗುತ್ತದೆ, ಮತ್ತೆ ಅದನ್ನು ಕೂಡಿಸಲು ಬಾರದು. ಈ ಕೆಲಸದಲ್ಲಿ ಅವಸರಕ್ಕೆ ಅವಕಾಶವಿಲ್ಲ. ತೊಂಬತ್ತು ನಿಮಿಷದ ಸುರುಳಿಗೆ ತೊಂಬತ್ತು ನಿಮಿಷವೇ ಬೇಕು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಸಿ.ಡಿ.ಯ ಕ್ರಮದಂತೆ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ಬರೆಯುತ್ತೇವೆ. ಒಂದೇ ಮೈಕಿನಲ್ಲಿ ಹಿಡಿದ ತಾಳಮದ್ದಳೆಗೆ ಒಂದು ಪಥ ಸಾಕು. ಆಗ ಒಂದು ಗಂಟೆಗೆ ಸುಮಾರು 318 ಮೆಗಾಬೈಟ್ ಆಗುತ್ತದೆ. ಫ್ಲಾಕ್ ಎಂಬ ಕ್ರಮದಲ್ಲಿ ಮಡಚಿದರೆ ಒಂದಂಶವೂ ನಷ್ಟವಾಗದೆ ಇದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನೂರು ಸುರುಳಿಗಳಿಗೆ 64 ಗಿಗಾಬೈಟಿನ ಒಂದು ಪೆನ್‌ಡ್ರೈವ್ ಧಾರಾಳ. ಎಂಪಿ3 ಇನ್ನೂ ಚಿಕ್ಕದು, ಆದರೆ ಅದು ಕಿವಿಗೆ ಮುಖ್ಯವಲ್ಲವೆಂದು ತನಗೆ ತೋರಿದುದನ್ನು ಬಿಟ್ಟುಬಿಡುತ್ತದೆ. ಮೂಲಪ್ರತಿಗೆ ಅದು ಬೇಡ.

ಹೀಗೆ ಕೂಡಿಟ್ಟುದನ್ನು ಮನೆಮಂದಿ ಕೇಳುವುದು ಹೇಗೆ? ಪ್ರತಿಸಲ ಕಂಪ್ಯೂಟರ್ ತೆರೆಯಬೇಕಾದರೆ ಹಿರಿಯರು ಹತ್ತಿರವೂ ಬರುವುದಿಲ್ಲ. ಜಾಲದ ಸಂಗೀತಪೆಟ್ಟಿಗೆ ಉಪಯೋಗಕ್ಕೆ ಬರುವುದು ಇಲ್ಲಿಯೇ. ಇದರಲ್ಲಿ ಮೂರು ಪಾತ್ರಗಳಿವೆ. ಊಟದ ಮನೆಯನ್ನು ನೆನೆದುಕೊಂಡರೆ ಅರ್ಥ ಸುಲಭ: ಪದಾರ್ಥವಿರುವುದು ಉಗ್ರಾಣದಲ್ಲಿ, ಬಡಿಸುವವನು ಬೇರೆ, ಏನು ಬಡಿಸಬೇಕೆಂದು ಹೇಳುವವನು ಬೇರೆ. ಧ್ವನಿಗಳಿರುವ ಪೆನ್‌ಡ್ರೈವನ್ನು ನೋಡಿಕೊಳ್ಳುವ ತಂತ್ರಾಂಶವೇ ಉಗ್ರಾಣ. ಸ್ಪೀಕರಿಗೆ ಧ್ವನಿ ಕೊಡುವ ಭಾಗ ಬಡಿಸುವವನು. ಕೈಯಲ್ಲಿರುವ ಮೊಬೈಲು ಹೇಳುವವನು. ಮೂವರೂ ಮಾತನಾಡಿಕೊಳ್ಳುವುದು ಮನೆಯ ರೂಟರಿನ ಮೂಲಕ. ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲಿ: ಇದಕ್ಕೆ ಇಂಟರ್ನೆಟ್ ಬೇಡ. ಗಾಳಿಮಳೆಗೆ ಹೊರಗಿನ ತಂತಿ ತುಂಡಾಗಿದ್ದರೂ, ರೂಟರಿಗೆ ಕರೆಂಟು ಇರುವಷ್ಟು ಕಾಲ ಮನೆಯೊಳಗಿನ ಜಾಲ ನಡೆಯುತ್ತದೆ.

ನಾವು ಇದಕ್ಕೆ ಬಳಸಿದ್ದು ಅಂಗೈಯಗಲದ ರಾಸ್ಪ್‌ಬೆರಿ ಪೈ 3 ಎಂಬ ಕಂಪ್ಯೂಟರನ್ನು. ಲಿಟಲ್ ಕೈಟ್ಸ್ ಘಟಕದ ಮಕ್ಕಳಿಗೆ ಲಿನಕ್ಸಿನ ಬಳಕೆಯಿರುವುದರಿಂದ ಅವರು ನಮಗಿಂತ ಬೇಗ ಕಲಿತರು. ಪೈಕೋರ್‌ಪ್ಲೇಯರ್ ಎಂಬ ಉಚಿತ ತಂತ್ರಾಂಶವನ್ನು ಸಣ್ಣ ಮೆಮೊರಿ ಕಾರ್ಡಿಗೆ ಇಳಿಸಿ, ಕಾರ್ಡನ್ನು ಯಂತ್ರಕ್ಕೆ ಸಿಕ್ಕಿಸಿ, ರೂಟರಿಗೆ ತಂತಿ ಕೊಟ್ಟು, ರೂಟರು ಅದಕ್ಕೆ ಯಾವ ವಿಳಾಸ ಕೊಟ್ಟಿದೆಯೆಂದು ನೋಡಿ, ಆ ವಿಳಾಸವನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ಬರೆದರೆ ಅದರ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಮೊದಲು ಕಾರ್ಡಿನಲ್ಲಿ ಅದಕ್ಕಿರುವ ಜಾಗವನ್ನು ಹಿಗ್ಗಿಸಿಕೊಂಡು, ಬಳಿಕ ಲಿರಿಯನ್ ಎಂಬ ಉಗ್ರಾಣದ ತಂತ್ರಾಂಶವನ್ನು ಸ್ಥಾಪಿಸಬೇಕು. ನಾವು ಕ್ರಮ ತಪ್ಪಿಸಿ ಒಂದು ಸಂಜೆ ಕಳೆದೆವು. ಅನಂತರ ಪೆನ್‌ಡ್ರೈವ್ ಯಾವುದೆಂದು ತೋರಿಸಿಕೊಟ್ಟರೆ ಅದು ತಾನಾಗಿ ಪಟ್ಟಿ ಮಾಡಿಕೊಳ್ಳುತ್ತದೆ. ವಿಳಾಸ ದಿನಕ್ಕೊಂದಾಗದಂತೆ ರೂಟರಿನಲ್ಲೇ ಕಾದಿರಿಸಿಬಿಡುವುದು ಒಳ್ಳೆಯದು. ಪೈಕೋರ್‌ಪ್ಲೇಯರ್ ಕಾರ್ಡಿನಿಂದ ಎದ್ದ ಮೇಲೆ ಮೆಮೊರಿಯಲ್ಲೇ ಓಡುವುದರಿಂದ, ಫಕ್ಕನೆ ಕರೆಂಟು ಹೋದರೂ ಕಾರ್ಡು ಕೆಡುವ ಭಯ ಕಡಿಮೆ. ನಮ್ಮೂರಿಗೆ ಇದು ಸಣ್ಣ ಗುಣವಲ್ಲ. ಮುರಕಲ್ಲಿನ ದಪ್ಪ ಗೋಡೆಗಳನ್ನು ವೈಫೈ ಕಷ್ಟದಿಂದ ದಾಟುತ್ತದೆ. ಅಡುಗೆಮನೆಗೂ ಧ್ವನಿ ಬೇಕೆಂದರೆ ತಂತಿ ಎಳೆಯುವುದೇ ಮೇಲು.

ಲಿರಿಯನ್ನಿನ ಪೂರ್ವಕಥೆ ತಿಳಿಯತಕ್ಕದ್ದು. ಅಮೆರಿಕೆಯ ಸ್ಲಿಮ್ ಡಿವೈಸಸ್ ಎಂಬ ಸಣ್ಣ ಸಂಸ್ಥೆ 2001ರಲ್ಲಿ ಇಂತಹ ಪೆಟ್ಟಿಗೆಯನ್ನು ಮಾಡಿತು. ಮುಂದೆ ಅದಕ್ಕೆ ಸ್ಕ್ವೀಜ್‌ಬಾಕ್ಸ್ ಎಂಬ ಹೆಸರಾಯಿತು. 2006ರಲ್ಲಿ ಲಾಜಿಟೆಕ್ ಕಂಪೆನಿ ಅದನ್ನು ಕೊಂಡುಕೊಂಡಿತು, 2012ರಲ್ಲಿ ತಯಾರಿಯನ್ನು ಕೈಬಿಟ್ಟಿತು, 2024ರಲ್ಲಿ ಅದರ ಇಂಟರ್ನೆಟ್ ಸೇವೆಯನ್ನೂ ಮುಚ್ಚಿತು. ಆದರೂ ಆ ಪೆಟ್ಟಿಗೆಗಳು ಮೂಕವಾಗಲಿಲ್ಲ. ಉಗ್ರಾಣದ ತಂತ್ರಾಂಶ ಎಲ್ಲರಿಗೂ ತೆರೆದಿದ್ದುದರಿಂದ ಬಳಸುವವರೇ ಅದನ್ನು ಲಿರಿಯನ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. ನಾವು ಇದನ್ನೇ ಆರಿಸಿದ್ದು ಆ ಕಾರಣಕ್ಕೆ.

ಕನ್ನಡದವರಿಗೆ ಹೆಚ್ಚು ಕೆಲಸವಿರುವುದು ಹೆಸರು ಬರೆಯುವಲ್ಲಿ. ಪ್ರತಿ ಕಡತದೊಳಗೆ ಶೀರ್ಷಿಕೆ, ಕಲಾವಿದ, ಸಂಪುಟ ಎಂಬ ಅಂಕಣಗಳಿವೆ. ಇವು ಪಾಶ್ಚಾತ್ಯ ಹಾಡಿಗೆ ಹೊಲಿದ ಅಂಗಿ. ತಾಳಮದ್ದಳೆಗೆ ತೋಳು ಸಾಲದು. ಭಾಗವತರು ಯಾರು, ಯಾರ ಅರ್ಥ ಯಾವುದು, ಯಾವ ಮನೆ, ಯಾವ ವರ್ಷ? ಫ್ಲಾಕ್ ಕಡತದಲ್ಲಿ ನಮಗೆ ಬೇಕಾದ ಅಂಕಣವನ್ನು ನಾವೇ ಸೇರಿಸಬಹುದು, ಕನ್ನಡ ಅಕ್ಷರಗಳಲ್ಲೇ ತುಂಬಬಹುದು. ಆದರೆ ಯೂನಿಕೋಡ್ ಕನ್ನಡದಲ್ಲಿ ಬರೆಯಬೇಕು. ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದರೆ ಪೆಟ್ಟಿಗೆಯ ಪುಟದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. (ಯೂನಿಕೋಡಿನ ಸಂಖ್ಯಾಕ್ರಮದಲ್ಲಿ 'ಳ'ಕಾರ 'ಹ'ಕಾರದ ಆಚೆಗಿಲ್ಲ, 'ಲ'ಕಾರದ ಬೆನ್ನಿಗೇ ಇದೆ. ಕಾಗುಣಿತ ಕಲಿಸುವ ನಮಗೆ ಇದು ಇನ್ನೂ ಹಿಡಿಸಿಲ್ಲ.) ಧ್ವನಿ ಯಾರದೆಂದು ಗುರುತಿಸಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂಡಲೇ ಬರೆಯಬೇಕು. ನಮ್ಮ ಮನೆಯ ಮೂರು ಸುರುಳಿಗಳಲ್ಲಿ ಮದ್ದಳೆ ಬಾರಿಸಿದವರಾರೆಂದು ಹೇಳುವವರು ಈಗ ಇಲ್ಲ.

ಪ್ರತಿಯ ವಿಷಯದಲ್ಲಿ ನಾವು ಮಾಡಿದ ತಪ್ಪನ್ನೂ ಹೇಳಬೇಕು. ಹದಿನಾಲ್ಕು ಸುರುಳಿಗಳನ್ನು ಒಂದೇ ಪೆನ್‌ಡ್ರೈವಿಗೆ ತುಂಬಿಸಿ, ಕಂಪ್ಯೂಟರಿನಲ್ಲಿದ್ದುದನ್ನು ಜಾಗ ಸಾಲದೆಂದು ಅಳಿಸಿದೆವು. ತಿಂಗಳೊಳಗೆ ಪೆನ್‌ಡ್ರೈವ್ ಕೆಟ್ಟಿತು. ಹದಿಮೂರನ್ನು ಮತ್ತೆ ಓಡಿಸಿ ಹಿಡಿದೆವು. 1986ರಲ್ಲಿ ನಮ್ಮ ಚಾವಡಿಯಲ್ಲಿ ನಡೆದ 'ಕರ್ಣಾರ್ಜುನ ಕಾಳಗ'ದ ಕೊನೆಯ ಸುರುಳಿ ಮಾತ್ರ ಎರಡನೆಯ ಓಟವನ್ನು ತಾಳದೆ ಪುಡಿಯುದುರಿಸಿ ತುಂಡಾಯಿತು. ಶಲ್ಯನು ರಥದಿಂದ ಇಳಿಯುವಲ್ಲಿಗೆ ನಮ್ಮ ಸಂಗ್ರಹದಲ್ಲಿ ಪ್ರಸಂಗ ನಿಲ್ಲುತ್ತದೆ. ಅಜ್ಜ ಹೇಳಿದ ಕರ್ಣನ ಕೊನೆಯ ಮಾತುಗಳು ಇಲ್ಲ. ಈಗ ಎರಡು ಪ್ರತಿ ಮನೆಯಲ್ಲಿ, ಒಂದು ಪ್ರತಿ ಬಂಧುಗಳಲ್ಲಿ ಇಟ್ಟಿದ್ದೇವೆ.

ಶಾಲೆಯ ಟೇಪ್ ರೆಕಾರ್ಡರನ್ನು ರಿಪೇರಿ ಮಾಡಿಸಿದ್ದೇವೆ. ಮನೆಯಲ್ಲಿ ಸುರುಳಿಗಳಿರುವ ಮಕ್ಕಳು ಹಿರಿಯರನ್ನು ಕೇಳಿ, ಹೆಸರು ಬರೆದ ಚೀಟಿಯೊಂದಿಗೆ ತರಬಹುದು. ಶನಿವಾರ ಒಂದು ಅಥವಾ ಎರಡು ಸುರುಳಿ ಹಿಡಿದೇವು. ಯಂತ್ರದ ರಬ್ಬರ್ ಬೆಲ್ಟು ಈಗಿರುವುದೊಂದೇ. ಮಳೆ ಹಿಡಿಯುವ ಮೊದಲೇ ತಂದರೆ ಒಳ್ಳೆಯದು.